ಕಳೆದ ನಾಣ್ಯ

ಮನುಷ್ಯನು ಪರರನ್ನು ಬೈಯುವಾಗ ಕೇಳುವವರಿಗೆ ಅಂಜುವನು; ತನ್ನನ್ನು ತಾನೇ ಬೈದುಕೊಳ್ಳುವಾಗ ಅವನಿಗೆ ಯಾರ ಅಂಜಿಕೆಯೂ ಇಲ್ಲ. ಆ ನ್ಯಾಯಸ್ಥಾನದಲ್ಲಿ ದೂರುವವನೂ ಅವನೇ, ಸಾಕ್ಷಿಯೂ ಅವನೇ, ತೀರ್ಪು ಕೊಡುವವನೂ ಅವನೇ. ಅಪರಾಧಿಯ ಪರವಾಗಿ ಎದ್ದುನಿಂತು ಒಂದು ಮಾತನ್ನಾಡುವವರು ಮಾತ್ರ ಅಲ್ಲಿರುವುದಿಲ್ಲ. ಮಂಗಳೂರಿನ ಗೃಹಿಣಿಯೊಬ್ಬಳ ಮನಸ್ಸಿನಲ್ಲಿ ಇಂತಹ ನ್ಯಾಯಸ್ಥಾನವೊಂದು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬಿಡುವಿಲ್ಲದೆ ನಡೆಯುತ್ತಿದ್ದಿತು.

ಆಕೆಯ ಅಪರಾಧಗಳು ದೊಡ್ಡವಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗುವುದು, ಬೀಗದ ಕೈ ಕಾಣೆಯಾಗುವುದು, ಮಗಳ ಶಾಲೆಯ ಶುಲ್ಕ ಕಟ್ಟಬೇಕಾದ ದಿನವು ಕಳೆದ ಮೇಲೆ ನೆನಪಿಗೆ ಬರುವುದು, ಎದುರಿಗಿದ್ದವರು ಮಾತನಾಡುತ್ತಿರುವಾಗಲೇ ಮನಸ್ಸು ಕಿಟಕಿಯಿಂದಾಚೆ ಹಾರಿಹೋಗುವುದು — ಇಷ್ಟೇ. ಬಾಲ್ಯದಲ್ಲಿ ಆಕೆ ತರಗತಿಯಲ್ಲಿ ಗದ್ದಲ ಮಾಡಿದವಳಲ್ಲ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು ಕನಸು ಕಾಣುತ್ತಿದ್ದವಳು. ಆದುದರಿಂದ ಯಾರೂ ಆಕೆಯ ವಿಷಯದಲ್ಲಿ ಚಿಂತಿಸಲಿಲ್ಲ. ಬುದ್ಧಿಯುಂಟು, ಲಕ್ಷ್ಯವಿಲ್ಲ ಎಂದು ಉಪಾಧ್ಯಾಯರು ಹೇಳಿದರು. ಸೋಮಾರಿ ಎಂದು ಹಿರಿಯರು ಹೇಳಿದರು. ಅವರು ಒಮ್ಮೆ ಹೇಳಿ ಮರೆತರು. ಎಲ್ಲವನ್ನೂ ಮರೆಯುತ್ತಿದ್ದ ಆಕೆ ಅದೊಂದನ್ನು ಮಾತ್ರ ಮರೆಯಲಿಲ್ಲ.

ಭಕ್ತಿಯು ಈ ಗಾಯಕ್ಕೆ ಮದ್ದಾಗಬೇಕಾಗಿದ್ದಿತು, ಬಹುಕಾಲ ಹಾಗಾಗಲಿಲ್ಲ. ಆಕೆಯ ಮನೆತನವು ಬಾಸೆಲ್ ಮಿಶನ್ನಿನ ಪರಂಪರೆಯದು. 1834ರಲ್ಲಿ ಮಂಗಳೂರಿಗೆ ಬಂದ ಆ ಪಾದ್ರಿಗಳು ಸತ್ಯವೇದದೊಡನೆ ಮಗ್ಗವನ್ನೂ, ಅಚ್ಚುಕೂಟವನ್ನೂ, ಹೆಂಚಿನ ಕಾರ್ಖಾನೆಯನ್ನೂ ಕಟ್ಟಿದವರು. ಹೊತ್ತಿಗೆ ಸರಿಯಾಗಿ ದುಡಿಯುವುದು ಆ ಮನೆಗಳಲ್ಲಿ ಪ್ರಾರ್ಥನೆಯಷ್ಟೇ ಪವಿತ್ರವೆನಿಸಿದ್ದಿತು. ಅಂತಹ ಮನೆಯಲ್ಲಿ ಅಜಾಗ್ರತೆಯು ದೋಷವಾಗಿ ಉಳಿಯುವುದಿಲ್ಲ, ಪಾಪವಾಗುವುದು. ಮೊಣಕಾಲೂರಿದ ಎರಡು ನಿಮಿಷಕ್ಕೆ ಆಕೆಯ ಮನಸ್ಸು ಮೀನುಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದಿತು. ಆಗ ಒಳಗಿನ ದನಿಯು ಹೊಸ ಉಡುಪನ್ನು ತೊಟ್ಟು ಬರುತ್ತಿದ್ದಿತು: ನೀನು ಮರೆಗುಳಿ ಮಾತ್ರವಲ್ಲ, ಭಕ್ತಿಹೀನಳು. ದೇವರ ದನಿಯೇ ಇದು ಎಂದು ಆಕೆ ನಂಬಿದ್ದಳು.

ಒಂದು ಸಂಜೆ ಹತ್ತು ವರ್ಷದ ಮಗಳು ಲೆಕ್ಕದ ಪುಸ್ತಕವನ್ನು ಎಲ್ಲಿಯೋ ಬಿಟ್ಟುಬಂದಳು. ತಾಯಿಯು ಗದರಿಸಲಿಲ್ಲ. ಆದರೂ ಹುಡುಗಿಯು ಮೂಲೆಯಲ್ಲಿ ನಿಂತು ಹಣೆಯನ್ನು ಬಡಿದುಕೊಳ್ಳುತ್ತ, “ನಾನು ಯಾವುದಕ್ಕೂ ಬಾರದವಳು” ಎಂದಳು. ಅದು ತಾಯಿಯದೇ ಮಾತು. ಅಡುಗೆಮನೆಯಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು. ಯಾರಿಗೂ ಕೇಳಿಸದೆಂದು ತಿಳಿದಿದ್ದುದನ್ನು ಮಗುವು ಕಂಠಪಾಠ ಮಾಡಿದ್ದಿತು.

ಆ ವಾರವೇ ಆಕೆ ಮಗಳೊಡನೆ ಮನೋವೈದ್ಯರ ಬಳಿಗೆ ಹೋದಳು. ಹಲವು ಭೇಟಿಗಳ ತರುವಾಯ ಇಬ್ಬರಲ್ಲಿಯೂ ಎ.ಡಿ.ಎಚ್.ಡಿ. ಇರುವುದೆಂದು ವೈದ್ಯರು ಹೇಳಿದರು. ಇದು ಅವಧಾನವನ್ನು ಬೇಕಾದಲ್ಲಿ ನಿಲ್ಲಿಸುವ, ಕಾಲವನ್ನು ಅಳೆದು ನಡೆಯುವ ಮೆದುಳಿನ ಸಾಮರ್ಥ್ಯದಲ್ಲಿ ಹುಟ್ಟಿನಿಂದಲೇ ಬರುವ ವ್ಯತ್ಯಾಸ, ಬಹುಮಟ್ಟಿಗೆ ವಂಶಪಾರಂಪರ್ಯವಾದುದು, ಸೋಮಾರಿತನವಲ್ಲ. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ವೈದ್ಯನು ಇಂತಹ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಮಾಡಿದನು. ಆತನು ವರ್ಣಿಸಿದವರಲ್ಲಿ ಹೆಚ್ಚಿನವರು ಹುಡುಗರು. ಮುಂದೆಯೂ ಬಹುಕಾಲ ವೈದ್ಯರ ಕಣ್ಣು ಬೆಂಚು ಹತ್ತಿ ಕುಣಿಯುವ ಬಾಲಕನ ಮೇಲೆ ನಿಂತಿತಲ್ಲದೆ, ಸುಮ್ಮನೆ ಕುಳಿತು ಕಳೆದುಹೋಗುವ ಬಾಲಿಕೆಯ ಮೇಲೆ ಬೀಳಲಿಲ್ಲ. ಆದುದರಿಂದಲೇ ಅನೇಕ ಸ್ತ್ರೀಯರು ಮಕ್ಕಳ ಚಿಕಿತ್ಸೆಗೆಂದು ಹೋಗಿ ತಮ್ಮ ಹೆಸರನ್ನೂ ಅಲ್ಲಿ ಕಾಣುವರು.

ಕಾರಣವು ತಿಳಿಯಿತು, ಔಷಧವೂ ದೊರೆಯಿತು. ಆದರೆ ಮೂವತ್ತು ವರ್ಷ ಪಳಗಿದ ನಾಲಿಗೆಯು ಒಂದು ಚೀಟಿಯಿಂದ ಸುಮ್ಮನಾಗುವುದೇ? ತಿಂಗಳೊಳಗೆ, ಸ್ತ್ರೀಯರ ಕೂಟದಲ್ಲಿ ಕೂಡಿಸಿದ ನಾಲ್ಕು ಸಾವಿರ ರೂಪಾಯಿಗಳ ಲಕೋಟೆಯು ಆಕೆಯ ಕೈಯಿಂದ ಕಾಣೆಯಾಯಿತು. ಶನಿವಾರದ ರಾತ್ರಿ ಹನ್ನೊಂದು ಗಂಟೆಯವರೆಗೆ ಹುಡುಕಿ, ಹುಡುಕಿದುದಕ್ಕಿಂತ ಹೆಚ್ಚಾಗಿ ತನ್ನನ್ನು ಹಳಿದುಕೊಂಡು, ಕಡೆಗೆ ಆದಿತ್ಯವಾರದ ಶಾಲೆಯ ಪಾಠವನ್ನಾದರೂ ನೋಡೋಣವೆಂದು ಸತ್ಯವೇದವನ್ನು ತೆರೆದಳು. ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯ: ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸಿನ ಸಾಮ್ಯ.

ಈ ಪಾಠವನ್ನು ಆಕೆ ಅನೇಕ ಸಲ ಕಲಿಸಿದ್ದಳು. ವಸ್ತುಗಳನ್ನು ಜೋಪಾನವಾಗಿಡಬೇಕೆಂಬ ನೀತಿಯನ್ನೂ ಮಕ್ಕಳಿಗೆ ಹೇಳಿದ್ದಳು. ಆ ರಾತ್ರಿ ನೋಡಿದರೆ ಅಲ್ಲಿ ಆ ನೀತಿಯೇ ಇಲ್ಲ! ನಾಣ್ಯವು ಹೇಗೆ ಕಳೆಯಿತು, ಯಾರ ತಪ್ಪು ಎಂಬ ವಿಚಾರಣೆಯೇ ಇಲ್ಲ. ಆ ಹೆಂಗಸು ದೀಪ ಹಚ್ಚುವಳು, ಮನೆಯನ್ನು ಗುಡಿಸುವಳು, ಸಿಕ್ಕುವವರೆಗೆ ಹುಡುಕುವಳು. ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಡುವಳು. ಕಳೆದುದನ್ನು ಮುಚ್ಚಿಡುವುದೂ ಇಲ್ಲ. ಇದಕ್ಕಿಂತ ಸೋಜಿಗದ ಸಂಗತಿ ಮತ್ತೊಂದುಂಟು: ಒಬ್ಬ ಪಾಪಿಯು ತಿರುಗಿಕೊಂಡಾಗ ಪರಲೋಕದಲ್ಲಾಗುವ ಆನಂದವನ್ನು ಯೇಸುಸ್ವಾಮಿಯು ಈಕೆಯ ಆನಂದಕ್ಕೆ ಹೋಲಿಸಿದನು. ದೇವರ ಹುಡುಕಾಟಕ್ಕೆ ಉಪಮಾನವಾಗಿ ನಿಂತವಳು ಮನೆಯಲ್ಲಿ ವಸ್ತುವನ್ನು ಕಳೆದುಕೊಂಡ ಒಬ್ಬ ಹೆಂಗಸು.

ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಳು. ಅನಂತರ ಬೈಗುಳವಿಲ್ಲದೆ ಮತ್ತೊಮ್ಮೆ ಹುಡುಕಿದಳು. ಲಕೋಟೆಯು ಹೊಲಿಗೆಯ ಪೆಟ್ಟಿಗೆಯಲ್ಲಿ, ಅರ್ಧ ಹೊಲಿದ ರವಿಕೆಯ ಕೆಳಗೆ ಇದ್ದಿತು.

ಅಂದಿನಿಂದ ಆಕೆ ಎರಡು ದನಿಗಳನ್ನು ಬೇರ್ಪಡಿಸಲು ಕಲಿತಳು. ತಿದ್ದುವ ದನಿಯು ಕಾರ್ಯವನ್ನು ಹೆಸರಿಸುವುದು: ಇಂದು ಈ ಕೆಲಸವನ್ನು ಮರೆತೆ, ಹೋಗಿ ಸರಿಪಡಿಸು ಎನ್ನುವುದು. ದೂರುವ ದನಿಯು ವ್ಯಕ್ತಿಯನ್ನೇ ಹಳಿಯುವುದು. ಮಾಡತಕ್ಕ ಕೆಲಸವೊಂದನ್ನೂ ತೋರಿಸದು. ಸೈತಾನನೆಂಬ ಇಬ್ರಿಯ ಹೆಸರಿಗೆ ಎದುರಾಳಿ, ದೂರುಗಾರ ಎಂಬ ಅರ್ಥವುಂಟು. ಮೂರು ಸಲ ತನ್ನನ್ನು ಅರಿಯೆನೆಂದ ಪೇತ್ರನಿಗೆ ಕರ್ತನು ಸರೋವರದ ದಡದಲ್ಲಿ ಮೊದಲು ರೊಟ್ಟಿಯನ್ನೂ ಮೀನನ್ನೂ ಬಡಿಸಿ, ಆಮೇಲೆ ಕೆಲಸವನ್ನು ಒಪ್ಪಿಸಿದನು. ನಮ್ಮ ಹೃದಯವೇ ನಮ್ಮನ್ನು ಖಂಡಿಸಿದರೂ ದೇವರು ಹೃದಯಕ್ಕಿಂತ ದೊಡ್ಡವನೆಂಬ ಯೋಹಾನನ ಉಪದೇಶವು ಆಕೆಗೆ ಈಗ ಅರ್ಥವಾಯಿತು. ಆ ನ್ಯಾಯಸ್ಥಾನಕ್ಕೆ ಮೇಲಿನ ನ್ಯಾಯಸ್ಥಾನವೊಂದುಂಟು.

ಆದರೂ ಪ್ರಾರ್ಥನೆಯಿಂದ ಮೆದುಳು ಬದಲಾಗಲಿಲ್ಲ. ಬದಲಾಗದಿರುವುದು ಅವಿಶ್ವಾಸದ ಗುರುತೂ ಅಲ್ಲ. ಔಷಧವು ಆಕೆಗೆ ದೀಪ, ಬಾಗಿಲ ಬಳಿಯ ಮೊಳೆಯೂ ಮೊಬೈಲಿನ ಗಂಟೆಯೂ ಪೊರಕೆ. ದೀರ್ಘ ಪ್ರಾರ್ಥನೆಯನ್ನು ಬಿಟ್ಟು, ಪಾತ್ರೆ ತೊಳೆಯುತ್ತ ಚಿಕ್ಕ ಚಿಕ್ಕ ಪ್ರಾರ್ಥನೆಗಳನ್ನು ಆಕೆ ರೂಢಿಸಿಕೊಂಡಳು. ಆವಿಲಾದ ತೆರೇಸಳಂತಹ ಸಂತಳೂ 1577ರಲ್ಲಿ ಬರೆದ ತನ್ನ ಗ್ರಂಥದಲ್ಲಿ, ಧ್ಯಾನದ ನಡುವೆ ಚಿತ್ತವು ಬೀಸುವ ಗಿರಣಿಯಂತೆ ಸದ್ದು ಮಾಡುವುದನ್ನು ಒಪ್ಪಿಕೊಂಡು, ಅದಕ್ಕಾಗಿ ಕಳವಳಗೊಳ್ಳಬಾರದೆಂದು ಸೋದರಿಯರಿಗೆ ಹೇಳಿರುವಳು.

ಹಾಲು ಈಗಲೂ ಉಕ್ಕುವುದುಂಟು. ಹಳೆಯ ಮಾತು ನಾಲಿಗೆಯ ತುದಿಗೆ ಬರುವುದೂ ಉಂಟು. ಮೊನ್ನೆ ಮಗಳು ಕಂಪಾಸ್ ಪೆಟ್ಟಿಗೆಯನ್ನು ಕಳೆದುಕೊಂಡು ಮೂಲೆಯ ಕಡೆಗೆ ನಡೆದಳು. ಕೈ ಹಣೆಯವರೆಗೆ ಹೋಗಿದ್ದಿತು. ತಾಯಿಯು ಆ ಕೈಯನ್ನು ಹಿಡಿದು ಅದರಲ್ಲಿ ಟಾರ್ಚನ್ನಿಟ್ಟಳು.

“ಬಾ ಮಗಾ, ಮಂಚದ ಅಡಿಯಿಂದ ಪ್ರಾರಂಭಿಸೋಣ” ಎಂದಳು.