ಅರ್ಧ ಕಾಲೇಜು, ಅರ್ಧ ಅಡುಗೆಮನೆ

ನಮ್ಮ ಅರಸೀಕೆರೆ ಕಡೆ 'ಹೈಬ್ರಿಡ್' ಎಂದರೆ ಮೊದಲು ನೆನಪಾಗುವುದು ತೆಂಗಿನ ಸಸಿ, ಆಮೇಲೆ ಟೊಮೆಟೊ. ಸಂತೆಯಲ್ಲಿ "ನಾಟೀನೋ, ಹೈಬ್ರಿಡ್ಡೋ?" ಎಂದು ಕೇಳದೆ ಯಾವ ಗೃಹಿಣಿಯೂ ಟೊಮೆಟೊ ಚೀಲಕ್ಕೆ ಹಾಕಿಸಿಕೊಳ್ಳುವುದಿಲ್ಲ. ಸಾರಿಗೆ ನಾಟಿ, ನಾಲ್ಕು ದಿನ ಇಟ್ಟುಕೊಳ್ಳುವುದಕ್ಕೆ ಹೈಬ್ರಿಡ್. ಹೀಗಿರುವಾಗ, ನಾನು ಕಾಲೇಜು ಮಕ್ಕಳಿಗೆ ಕಲಿಸುವ ಕನ್ನಡ ಬರವಣಿಗೆಯ ತರಗತಿಗೆ 'ಹೈಬ್ರಿಡ್ ಕೋರ್ಸ್' ಎಂದು ಹೆಸರು ಬಿದ್ದಾಗ ಪಕ್ಕದ ಮನೆಯಾಕೆ, "ಹಾಗಂದ್ರೇನ್ರೀ, ಬೇಗ ಫಲ ಕೊಡುತ್ತಾ?" ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೆಸರು ದೊಡ್ಡದು, ಸಂಗತಿ ಸರಳ. ಪಾಠದ ಒಂದು ಪಾಲು ತರಗತಿಯಲ್ಲಿ, ಇನ್ನೊಂದು ಪಾಲು ಮನೆಯಲ್ಲಿ, ಫೋನಿನ ಮೂಲಕ. 2020ರ ಮಾರ್ಚಿಯಲ್ಲಿ ಕೊರೊನಾ ಬಂದು ಬಾಗಿಲು ಹಾಕಿದ ನಮ್ಮ ರಾಜ್ಯದ ಪದವಿ ಕಾಲೇಜುಗಳು ಆ ವರ್ಷದ ನವೆಂಬರ್ 17ರಂದು ತೆರೆದವಲ್ಲ, ಆಗ ಬರುವವರು ಬರಬಹುದು, ಬರಲಾರದವರು ಮನೆಯಿಂದಲೇ ಕೇಳಬಹುದು ಎಂಬ ಏರ್ಪಾಡಾಯಿತು. ಮಾರನೆಯ ವರ್ಷ ಯುಜಿಸಿಯವರು ಒಂದು ಕರಡು ಹೊರಡಿಸಿ, ಯಾವುದೇ ಕೋರ್ಸಿನ ಶೇಕಡಾ 40ರಷ್ಟನ್ನು ಆನ್‌ಲೈನಿನಲ್ಲಿ ಕಲಿಸಬಹುದು ಎಂದರು. ಕಾಯಿಲೆ ಹೋಯಿತು, ಏರ್ಪಾಡು ಉಳಿಯಿತು. ನನ್ನ ಮಟ್ಟಿಗೆ ಉಳಿದದ್ದಕ್ಕೆ ಕಾರಣ ತುಂಬಾ ಲೌಕಿಕವಾದದ್ದು: ಮೇಡಂ ಒಬ್ಬಳು, ಊರು ಎರಡು. ಒಂದು ಶನಿವಾರ ಅರಸೀಕೆರೆಯಲ್ಲಿ ತರಗತಿ, ಮುಂದಿನ ಶನಿವಾರ ಬೇಲೂರಿನಲ್ಲಿ. ಬಾಣಾವರ, ಜಾವಗಲ್, ಹಳೇಬೀಡು ಎಂದು ಬಸ್ಸು ನಿಂತು ನಿಂತು ಹೋಗುವಾಗ ಅರ್ಧ ಉತ್ತರಪತ್ರಿಕೆ ಬಸ್ಸಿನಲ್ಲೇ ಓದಿ ಮುಗಿಸುತ್ತೇನೆ.

ನಡೆಯುವುದು ಹೀಗೆ. ಸೋಮವಾರ ಬೆಳಿಗ್ಗೆ ನಾನು ಫೋನಿನಲ್ಲಿ ಎರಡು ನಿಮಿಷದ ಮಾತು ಕಳಿಸುತ್ತೇನೆ, ಕೊನೆಯಲ್ಲಿ ಒಂದು ಪ್ರಶ್ನೆ. ಗುರುವಾರದೊಳಗೆ ಅವರು ಕೈಯಲ್ಲಿ ಎರಡು ಪುಟ ಬರೆದು ಫೋಟೋ ತೆಗೆದು ಕಳಿಸಬೇಕು. ಟೈಪು ಮಾಡಿದ್ದು ಬೇಡ. ನಾನು ಓದಿ, ಯಾವ ಸಾಲು ಚೆನ್ನಾಗಿದೆ, ಎಲ್ಲಿ ಅರ್ಥವಾಗಲಿಲ್ಲ ಎಂಬುದನ್ನು ಮಾತಿನಲ್ಲೇ ತಿಳಿಸುತ್ತೇನೆ. ತಮ್ಮೂರಿನಲ್ಲಿ ತರಗತಿಯಿರುವ ಶನಿವಾರ ಬರೆದವರು ಎದ್ದು ನಿಂತು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಓದುವಾಗ ಕಾಗುಣಿತದ ಸುದ್ದಿ ಎತ್ತಕೂಡದು. ನಮ್ಮ ಕಡೆಯ ಮಕ್ಕಳಿಗೆ 'ಅ'ಕಾರ 'ಹ'ಕಾರಗಳ ಜಗಳ ಹುಟ್ಟಿನಿಂದ ಬಂದದ್ದು. ಹಾಲು ಆಲಾಗುತ್ತದೆ, ಅಕ್ಕಿ ಹಾರಿಹೋಗುತ್ತದೆ. ಅದಕ್ಕೆ ನಗುತ್ತಾ ಕೂತರೆ ಓದುವ ಮಗು ಇನ್ನೊಂದು ಶನಿವಾರ ಬಾಯಿ ಬಿಡುವುದಿಲ್ಲ. ಕಾಗುಣಿತಕ್ಕೆ ಫೋನಿದೆ, ಅಲ್ಲಿ ಗುಟ್ಟಾಗಿ ತಿದ್ದಬಹುದು.

ಇದೆಲ್ಲ ಹೊಸದೆಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಐಸಾಕ್ ಪಿಟ್‌ಮನ್ ಎಂಬಾತ ಇಂಗ್ಲೆಂಡಿನಲ್ಲಿ 1840ರ ಸುಮಾರಿಗೇ ಅಂಚೆಯ ಮೂಲಕ ಶೀಘ್ರಲಿಪಿ ಕಲಿಸಿದ. ವಿದ್ಯಾರ್ಥಿಗಳು ಕಾರ್ಡಿನಲ್ಲಿ ಬರೆದು ಕಳಿಸುವುದು, ಆತ ತಿದ್ದಿ ಹಿಂದಕ್ಕೆ ಕಳಿಸುವುದು. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದ ನಮ್ಮ ಪೀಳಿಗೆಯ ಹೆಂಗಸರಿಗೆ ಆ ಹೆಸರು ಪರಿಚಿತವೇ. ಅಷ್ಟು ದೂರ ಯಾಕೆ, ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲೇ ಶುರುವಾಗಿತ್ತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ನಾನು ಎಂ.ಎ. ಮಾಡಿದ್ದು ಆ ಅಂಚೆಯಲ್ಲೇ, ಮದುವೆಯಾಗಿ ಈ ಊರಿಗೆ ಬಂದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ.

ದಪ್ಪ ಲಕೋಟೆಯಲ್ಲಿ ಪಾಠಗಳು ಬರುತ್ತಿದ್ದವು. "ನಮ್ ಸೊಸೆಗೆ ಪೋಸ್ಟ್‌ಮನ್ನೇ ಮೇಷ್ಟ್ರು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅದರಲ್ಲಿ ಹೆಮ್ಮೆಯೂ ಇತ್ತು, ಕೊಂಕೂ ಇತ್ತು. ಪಂಪನನ್ನು ನಾನು ಓದಿದ್ದು ಹಾಲು ಉಕ್ಕದಂತೆ ಕಾಯುತ್ತಾ. ಇವತ್ತಿಗೂ ಆ ಪಾಠಗಳ ಕಟ್ಟು ತೆಗೆದರೆ ಅರಿಸಿನದ ಬೆರಳಚ್ಚು ಕಾಣುತ್ತದೆ. ವರ್ಷಕ್ಕೊಮ್ಮೆ ಸಂಪರ್ಕ ತರಗತಿಗೆಂದು ಹಾಸನ, ಹೊಳೆನರಸೀಪುರದ ಮೇಲೆ ಹೋಗುವ ರೈಲು ಹತ್ತಿ ಮೈಸೂರಿಗೆ ಹೋಗಬೇಕಿತ್ತು. ಅಲ್ಲಿ ಬರುತ್ತಿದ್ದವರು ಯಾರು ಅಂತೀರಿ? ಪ್ರೈಮರಿ ಸ್ಕೂಲಿನ ಟೀಚರುಗಳು, ಆಸ್ಪತ್ರೆಯ ನರ್ಸುಗಳು, ಮಗುವನ್ನು ತವರಿನಲ್ಲಿ ಬಿಟ್ಟು ಬಂದವರು. ಪಾಠ ಎಷ್ಟು ತಲೆಗೆ ಹತ್ತಿತೋ ದೇವರಿಗೇ ಗೊತ್ತು, ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರೂ ಬಂದು "ಕಾಫಿ ಆಯ್ತಾ?" ಎಂದು ಕೇಳುತ್ತಿರಲಿಲ್ಲ. ಆ ಕೆಲವೇ ದಿನಗಳಲ್ಲಿ ನಾನು ಬರೆದಷ್ಟು ಪ್ರಬಂಧ ಮನೆಯಲ್ಲಿ ಇಡೀ ವರ್ಷ ಬರೆಯಲಿಲ್ಲ.

ಅಂಚೆಯಿಲ್ಲದಿದ್ದರೆ ನನ್ನಂಥವಳು ಓದುತ್ತಲೇ ಇರಲಿಲ್ಲ, ನಿಜ. ಹಾಗೆಂದು ಮನೆಯಲ್ಲಿ ಕೂತು ಕಲಿಯುವುದೆಂದರೆ ಎಲ್ಲರಿಗೂ ಒಂದೇ ಎಂದು ಯಾರೂ ನನಗೆ ಹೇಳಬೇಡಿ. ನನ್ನ ಫೋನು ದಿನವೂ ಬೇರೆಯದನ್ನೇ ತೋರಿಸುತ್ತದೆ. ಗಂಡುಮಕ್ಕಳ ಪುಟಗಳು ಸಾಮಾನ್ಯವಾಗಿ ಸಂಜೆ ಏಳು, ಎಂಟಕ್ಕೆ ಬರುತ್ತವೆ. ಹೆಣ್ಣುಮಕ್ಕಳದು ರಾತ್ರಿ ಹತ್ತೂವರೆಯ ಮೇಲೆ. ಊಟ ಮುಗಿದು, ಪಾತ್ರೆ ತೊಳೆದು, ಧಾರಾವಾಹಿ ಮುಗಿದು, ಎಲ್ಲರೂ ಮಲಗಿ ಒಂದು ದೀಪ ತನ್ನ ಪಾಲಿಗೆ ಉಳಿದ ಹೊತ್ತು ಅದು. ಹುಡುಗ ಫೋನು ಹಿಡಿದರೆ "ಓದ್ತಾ ಇದಾನೆ", ಹುಡುಗಿ ಹಿಡಿದರೆ "ಯಾರದೇ ಅದು ಮೆಸೇಜು?" ಕಾಲೇಜಿನ ಬೆಂಚಿನ ಮೇಲೆ ಅವಳು ವಿದ್ಯಾರ್ಥಿನಿ, ಮನೆಯ ಹೊಸ್ತಿಲು ದಾಟಿದಳೋ, ಮಗಳು, ಅಕ್ಕ, ನೀರು ತರುವವಳು.

ಅದಕ್ಕಿಂತ ವಿಚಿತ್ರವೆಂದರೆ ಹೆಸರಿನ ವಿಷಯ. ಬಹಳ ಹುಡುಗಿಯರಿಗೆ ಸ್ವಂತ ಫೋನಿರಲಿಲ್ಲ. ಪುಟ ಬರುತ್ತಿದ್ದುದು ಅಣ್ಣನ ನಂಬರಿನಿಂದ. ಮೇಲೆ ಅವನ ಹೆಸರು, ಪಕ್ಕದಲ್ಲಿ ಅವನ ಮೋಟಾರ್ ಬೈಕಿನ ಚಿತ್ರ, ಕೆಳಗೆ ಇವಳ ಅಕ್ಷರ. ಒಂದು ಸಲ ತಾಯಿಯ ಮೊಣಕಾಲು ನೋವಿನ ಬಗ್ಗೆ ಕಣ್ಣು ತೇವವಾಗುವಂಥ ಎರಡು ಪುಟ ಬಂದವು, ಯಾರದೆಂದು ತಿಳಿಯಲು ಮೂರು ಜನಕ್ಕೆ ಫೋನು ಮಾಡಬೇಕಾಯಿತು. ಆ ಬೇಲೂರಿನ ಶನಿವಾರ ಮಕ್ಕಳನ್ನು ಚೆನ್ನಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ದರ್ಪಣಸುಂದರಿಯನ್ನು ಎಲ್ಲರೂ ನೋಡಿರುತ್ತಾರೆ. ನಾನು ತೋರಿಸಿದ್ದು ವಿಗ್ರಹಗಳ ಪೀಠದಲ್ಲಿ ಕೊರೆದ ಅಕ್ಷರಗಳನ್ನು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹದ ಕೆಳಗೆ ತಮ್ಮ ಹೆಸರು ಕೊರೆದಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ಕಲ್ಲುಕುಟಿಗನಿಗೆ ಹೆಸರು ಹಾಕುವ ಧೈರ್ಯವಿತ್ತಲ್ಲ, ನಿಮಗೇನು ಧಾಡಿ ಎಂದೆ. ಅಂದಿನಿಂದ ಪುಟದ ಕೆಳಗೆ ಬರೆದವರ ಪೂರ್ತಿ ಹೆಸರು ಇರಲೇಬೇಕು. ಫೋನು ಯಾರದಾದರೂ ಇರಲಿ.

ಆ ಮೊಣಕಾಲಿನ ಪುಟ ಬರೆದವಳು ಹಳೇಬೀಡಿನ ಆಚೆಯ ಒಂದು ಹಳ್ಳಿಯವಳು. ತರಗತಿಯಲ್ಲಿ ಕೊನೆಯ ಬೆಂಚು, ತಲೆ ತಗ್ಗಿಸಿದರೆ ಎತ್ತುವುದಿಲ್ಲ. ಆದರೆ ಕಾಗದದ ಮೇಲೆ ಏನು ಮಾತು! ಎದುರಿಗೆ ಮೇಡಂ ಇಲ್ಲ ಎಂಬ ಧೈರ್ಯವೇ ಅವಳಿಗೆ ಮಾತು ಕೊಟ್ಟಿತೋ ಏನೋ. ಇದು ಮನೆಯ ಪಾಲಿನ ಪುಣ್ಯ, ಅದನ್ನೂ ಹೇಳಬೇಕಲ್ಲ. ಇಂಥ ನಾಲ್ಕಾರು ಮಕ್ಕಳನ್ನು ನಾನು ಕಾಗದದಲ್ಲೇ ಮೊದಲು ಕಂಡೆ, ಆಮೇಲೆ ಮುಖ ನೋಡಿ ಗುರುತು ಹಿಡಿದೆ.

2022ರಲ್ಲಿ ಅವಳು ಶನಿವಾರ ಬರುವುದು ನಿಂತಿತು. ವಿಚಾರಿಸಿದರೆ ಉಳಿದ ದಿನಗಳಲ್ಲೂ ಕಾಲೇಜಿಗೆ ಬರುತ್ತಿರಲಿಲ್ಲ. ಪುಟಗಳು ಮಾತ್ರ ತಪ್ಪದೆ ಬರುತ್ತಿದ್ದವು. ಕೊನೆಗೆ ಅವಳ ತಂದೆಯೊಡನೆ ಮಾತಾಡಿದೆ. ಒಳ್ಳೆಯ ಮನುಷ್ಯ, ಗೌರವದಿಂದಲೇ ಮಾತಾಡಿದರು.

"ಎಲ್ಲಾ ಫೋನಲ್ಲೇ ಬತ್ತದಂತಲ್ಲ ಮೇಡಮ್ಮೋರೆ. ಮತ್ಯಾಕೆ ದಿನಾ ಬಸ್ ಚಾರ್ಜು ಕೊಟ್ಟು ಅಲ್ಲೀಗಂಟ ಬರೋದು? ಕೊರೊನಾ ಟೈಮಲ್ಲಿ ಎಲ್ರೂ ಮನೇಲೇ ಕುಂತು ಪಾಸಾಗ್ಲಿಲ್ವಾ? ಪರೀಕ್ಷೆಗೆ ಕಳುಸ್ತೀನಿ ಬುಡಿ. ಅಷ್ಟಕ್ಕೂ ಬರೆದು ಏನ್ ಸಿಗ್ತದೆ?"

ನೋಡಿದಿರಾ? ಕಾಲೇಜಿಗೆ ಹೋಗಲಾಗದ ನನ್ನ ಹತ್ತಿರಕ್ಕೆ ಕಾಲೇಜನ್ನು ತಂದ ಅದೇ ಏರ್ಪಾಡು, ಹೋಗುತ್ತಿದ್ದವಳನ್ನು ಮನೆಯಲ್ಲಿ ಕೂರಿಸುವುದಕ್ಕೂ ನೆಪವಾಯಿತು. ಹೈಬ್ರಿಡ್ ಎಂದು ಪಟ್ಟಣದಲ್ಲಿ ಕೂತು ಯೋಜನೆ ಹಾಕುವವರು ಸಿಗ್ನಲ್ ಇದೆಯೇ, ಡೇಟಾ ಇದೆಯೇ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕವೂ ಬೇಕು. ಆದರೆ ಹುಡುಗಿಯರ ಮಟ್ಟಿಗೆ ತರಗತಿಯ ಪಾಲೆಂದರೆ ಪಾಠವಷ್ಟೇ ಅಲ್ಲ, ಬಸ್‌ಸ್ಟ್ಯಾಂಡು, ಗೆಳತಿಯರು, ಹಂಚಿಕೊಂಡ ಚುರುಮುರಿ, ದಿನಕ್ಕೆ ಐದಾರು ಗಂಟೆ ಯಾರ ಮಗಳೂ ಅಲ್ಲದೆ ಇರುವುದು. ಅದನ್ನು ಶೇಕಡಾ ಲೆಕ್ಕದಲ್ಲಿ ಎಲ್ಲಿ ಸೇರಿಸುತ್ತಾರೆ?

ಬರೆದು ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಆಗ ನಾನು ಏನೋ ತೊದಲಿದೆ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, "ಈಗ ಹೇಳಿ ಸ್ವಾಮಿ" ಎಂದು ಆ ತಂದೆಗೆ ಫೋನು ಮಾಡಬೇಕೆನಿಸಿತು. ಮಾಡಲಿಲ್ಲ. ಪ್ರಶಸ್ತಿ ಬರದ ಬರವಣಿಗೆಗೂ ಬಸ್ ಚಾರ್ಜು ಕೊಡಬೇಕಾದ್ದೇ ನ್ಯಾಯ.

ಹುಡುಗಿಗೆ ಹಾಜರಿ ಸಾಲದೆ ಒಂದು ವರ್ಷ ಹೋಯಿತು. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವೆಂದಾಯಿತಲ್ಲ, ಆಗ ಬಸ್ ಚಾರ್ಜಿನ ಮಾತು ತಾನಾಗಿ ಬಿದ್ದುಹೋಯಿತು. ಉಚಿತ ಬಸ್ಸಿನ ಬಗ್ಗೆ ಬಗೆಬಗೆಯ ಟೀಕೆ ಕೇಳಿದ್ದೇನೆ. ನನಗೆ ಮಾತ್ರ ಆ ಜುಲೈ ತಿಂಗಳ ಒಂದು ಶನಿವಾರ ಕಣ್ಣಿಗೆ ಕಟ್ಟಿದೆ. ಹುಡುಗಿ ಬಂದಳು, ಜೊತೆಗೆ ಅವಳ ಅಮ್ಮ, ಅದೇ ನೋವಿನ ಮೊಣಕಾಲಿನವರು. "ನಂಗೂ ಫ್ರೀ ಅಲ್ವಾ ಮೇಡಂ, ಒಂದ್ಸಲ ನೋಡ್ಕಂಡು ಹೋಗವಾ ಅಂತ ಬಂದೆ" ಎಂದು ಹಿಂದಿನ ಬೆಂಚಿನಲ್ಲಿ ಕೂತರು. ಮಗಳು ಎದ್ದು ನಿಂತು ಓದಿದ ಮೊದಲ ದಿನ ಅದು. ಧ್ವನಿ ಮೂರನೇ ಬೆಂಚಿಗೆ ಕೇಳಿಸಲಿಲ್ಲ. ಎರಡನೇ ಸಲ ಓದಿಸಿದೆ.

ಆ ವರ್ಷವೇ ಒಂದು ದಿನ ಎಲ್ಲರನ್ನೂ ಹಲ್ಮಿಡಿಗೆ ಕರೆದುಕೊಂಡು ಹೋದೆ. ಬೇಲೂರು ತಾಲ್ಲೂಕಿನದೇ ಊರು, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಹೆಸರಾದದ್ದು ಸಿಕ್ಕಿದ ಜಾಗ, ಕ್ರಿ.ಶ. 450ರ ಸುಮಾರಿನದು. ಈಗ ಊರಿನಲ್ಲಿರುವುದು ಪ್ರತಿಕೃತಿ. ಹೋರಾಟದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ಸುದ್ದಿ ಹದಿನಾರು ಸಾಲಿನಲ್ಲಿ ಮುಗಿದಿದೆ. ಒಬ್ಬ ಹುಡುಗ, "ಹದಿನಾರೇ ಸಾಲಿಗೆ ಇಷ್ಟು ಮರ್ಯಾದೆ, ನಾವು ಮಾತ್ರ ಯಾಕೆ ಮೇಡಂ ವಾರವಾರ ಎರಡೆರಡು ಪುಟ?" ಎಂದ. ಕಲ್ಲಿನ ಮೇಲೆ ಕೊರೆದು ತಂದರೆ ಹದಿನಾರು ಸಾಲು ಸಾಕು ಎಂದೆ.

ಈಚೆಗೆ ಇನ್ನೊಂದು ಪೀಡೆ ಬಂದಿದೆ. ಪ್ರಶ್ನೆ ಕೇಳಿದರೆ ಫೋನೇ ಪ್ರಬಂಧ ಬರೆದುಕೊಡುತ್ತದೆ. ಕೃತಕ ಬುದ್ಧಿಯಂತೆ. 'ನಮ್ಮೂರ ಸಂತೆ' ಎಂದು ಬರೆಯಲು ಹೇಳಿದರೆ ಮೂವರಿಂದ ಒಂದೇ ಥರದ ಸಂತೆ ಬಂತು, ಅಚ್ಚುಕಟ್ಟಾದ ಕನ್ನಡ, ಮೂರರಲ್ಲೂ ಒಂದು ಕೊಬ್ಬರಿ ಚೂರೂ ಇಲ್ಲ! ಅರಸೀಕೆರೆಯ ಸಂತೆಯಲ್ಲಿ ಕೊಬ್ಬರಿ ಇಲ್ಲವೆಂದರೆ ಯಾರು ನಂಬುತ್ತಾರೆ? ಬೈಯಲು ಹೋಗಲಿಲ್ಲ. ಮುಂದಿನ ವಾರದಿಂದ ಪ್ರಶ್ನೆಗಳನ್ನೇ ಬದಲಾಯಿಸಿದೆ. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಐದರಿಂದ ಏಳರವರೆಗೆ ಯಾರು ಏನು ಮಾಡುತ್ತಾರೆ, ನೋಡಿ ಬರೆಯಿರಿ. ಈ ಪ್ರಶ್ನೆಗೆ ಗಂಡುಮಕ್ಕಳು ಮೊದಲ ಸಲ ಅಷ್ಟು ಬೇಗ ಎದ್ದರಂತೆ. ಒಬ್ಬ, ತಾಯಿ ಆ ಎರಡು ಗಂಟೆಯಲ್ಲಿ ಒಮ್ಮೆಯೂ ಕೂರಲಿಲ್ಲ ಎಂದಷ್ಟೇ ಬರೆದು, ಉಳಿದ ಜಾಗ ಖಾಲಿ ಬಿಟ್ಟಿದ್ದ. ಅದಕ್ಕೆ ಒಳ್ಳೆಯ ಅಂಕ ಕೊಟ್ಟೆ.

ಹಳೇಬೀಡಿನ ಕಡೆಯ ಆ ಹುಡುಗಿಯ ತಂಡಕ್ಕೆ ಕೊನೆಯ ಪ್ರಶ್ನೆಯಾಗಿ ಕೊಟ್ಟದ್ದು ಓದು ಬಾರದವರಿಗೆ ಒಂದು ಕಾಗದ. ಬರೆದು, ಅವರ ಎದುರಿಗೆ ಕೂತು ಓದಿ, ಅದನ್ನು ಫೋನಿನಲ್ಲಿ ಹಿಡಿದು ಕಳಿಸಬೇಕು. ಅವಳು ತನ್ನ ಅಜ್ಜಿಗೆ ಬರೆದಿದ್ದಳು, ಅಜ್ಜಿ ಮದುವೆಯಾಗಿ ಗಾಡಿಯಲ್ಲಿ ಆ ಊರಿಗೆ ಬಂದ ದಿನದ ಬಗ್ಗೆ. ಕಾಗದ ಚೆನ್ನಾಗಿತ್ತು, ಮಳೆ, ನೆನೆದ ಸೀರೆ, ಕೆಸರಿನಲ್ಲಿ ಹೂತ ಗಾಲಿ, ಎಲ್ಲ ಇತ್ತು. ಓದು ಅರ್ಧಕ್ಕೆ ಬಂದಾಗ ಮುದುಕಿಯ ಧ್ವನಿ ಅಡ್ಡ ಬಂತು: "ಮಳೆ ಎಲ್ಲಿತ್ತೇ ಅವತ್ತು? ಉರಿಬಿಸಿಲು. ನಾನು ಅತ್ತಿದ್ದು ಕಣೇ, ಅದುಕ್ಕೆ ಸೆರಗು ಒದ್ದೆಯಾಗಿದ್ದು. ಸರಿಯಾಗಿ ಬರಿ." ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಪೆನ್ನಿನ ಸದ್ದು ಮಾತ್ರ. ಜೊತೆಗೆ ಬಂದ ಫೋಟೋದಲ್ಲಿ ಮಳೆಯ ನಾಲ್ಕು ಸಾಲಿಗೆ ಅಡ್ಡಗೀಟು ಬಿದ್ದಿತ್ತು. ಪುಟದ ಕೆಳಗೆ ಅವಳ ಪೂರ್ತಿ ಹೆಸರಿತ್ತು, ಅದರ ಪಕ್ಕದಲ್ಲಿ ಅಜ್ಜಿಯದೂ.