ಆಗುಂಬೆಯ ಮಳೆಯಲ್ಲಿ ಎರಡು ಕ್ಯಾಮೆರಾಗಳು

ಆಗುಂಬೆಗೆ ಹೋಗುವವರು ಸಾಮಾನ್ಯವಾಗಿ ಸೂರ್ಯಾಸ್ತವನ್ನು ನೋಡಲು ಹೋಗುತ್ತಾರೆ. ನಾವು ಹೋದದ್ದು ಜುಲೈ ತಿಂಗಳಿನಲ್ಲಿ. ಆಗ ಅಲ್ಲಿ ಸೂರ್ಯನು ಉದಯಿಸಿದನೆಂಬುದಕ್ಕೇ ಸಾಕ್ಷಿ ಸಿಗುವುದು ಕಷ್ಟ. ಅಸ್ತಮಾನದ ಮಾತು ದೂರವೇ ಉಳಿಯಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿಗೆ, ಅದೂ ಮಳೆಗಾಲದಲ್ಲಿ, ಕ್ಯಾಮೆರಾ ಹೊತ್ತು ಹೊರಟ ನಮ್ಮನ್ನು ಕಂಡು ಮನೆಯವರು ನಕ್ಕಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ನಮಗೆ ಬೇಕಾಗಿದ್ದುದು ಬೆಟ್ಟವೂ ಅಲ್ಲ, ಆಕಾಶವೂ ಅಲ್ಲ. ಕಪ್ಪೆ, ಹುಳು, ಪಾಚಿ, ಅಣಬೆಗಳ ಅಂಗೈಯಗಲದ ಲೋಕ ನಮಗೆ ಬೇಕಾಗಿತ್ತು. ಆ ಲೋಕ ಬಾಗಿಲು ತೆರೆಯುವುದು ಮಳೆಗಾಲದಲ್ಲಿಯೇ.

ತೀರ್ಥಹಳ್ಳಿಯನ್ನು ದಾಟಿದ ಮೇಲೆ ಬಸ್ಸಿನ ಗಾಜಿನಾಚೆ ಹಸಿರಿನ ಹೊರತು ಬೇರೆ ಬಣ್ಣವಿಲ್ಲ. ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರಿಸಿದ ಊರೆಂಬ ಅಭಿಮಾನ ಆಗುಂಬೆಗೆ ಇಂದಿಗೂ ಉಂಟು. ನಾವು ಇಳಿದುಕೊಂಡದ್ದು ಊರಿನಿಂದ ಸ್ವಲ್ಪ ದೂರದ ಪರಿಚಿತರೊಬ್ಬರ ಮನೆಯಲ್ಲಿ. ಹಿಂದೆ ಅಡಕೆ ತೋಟ, ಅದರ ಅಂಚಿನಲ್ಲಿ ಪುಟ್ಟ ಕೆರೆ, ಆಚೆ ಕಾಡು. ನನ್ನ ಹೆಗಲಿನಲ್ಲಿ ಹಳೆಯ ಎಸ್.ಎಲ್.ಆರ್. ಕ್ಯಾಮೆರಾ, ಅದರ 105 ಮಿಲಿಮೀಟರ್ ಸಮೀಪಚಿತ್ರದ ಮಸೂರ, ಮೂರುಕಾಲಿನ ಸ್ಟ್ಯಾಂಡು, ಎಲ್ಲಕ್ಕೂ ಸುತ್ತಿದ ಪ್ಲಾಸ್ಟಿಕ್ ಚೀಲಗಳು. ಜೊತೆಗೆ ಬಂದ ತಂಗಿಯ ಮಗಳ ಕೈಯಲ್ಲಿ ನೀರಿಗೆ ಹೆದರದ ಒಂದು ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ. ಅಂಗಿಯ ಜೇಬಿನಲ್ಲಿ ಹಿಡಿಯುವಷ್ಟು. ಯಾವುದು ಮೇಲೆಂಬ ವಾದ ಶಿವಮೊಗ್ಗದಲ್ಲಿಯೇ ಪ್ರಾರಂಭವಾಗಿತ್ತು.

ನನ್ನ ಪಕ್ಷಪಾತಕ್ಕೆ ಹಳೆಯ ಕಾರಣವಿದೆ. ನಮ್ಮ ಮನೆಯಲ್ಲಿದ್ದ ಮೊದಲ ಕ್ಯಾಮೆರಾ, ಅಂದಿನ ಎಷ್ಟೋ ಮನೆಗಳಲ್ಲಿದ್ದಂತೆ, ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3. ಒಂದು ಸುರುಳಿಗೆ 12 ಚಿತ್ರಗಳು. ಮದುವೆಯ ಗುಂಪಿಗೆ ಅದು ಸಾಕು. ದಾಸವಾಳದ ಹೂವಿನ ಬಳಿಗೆ ಕೊಂಡೊಯ್ದರೆ ಎಲ್ಲವೂ ಮಂಜು. ಅಲ್ಲದೆ ನಾವು ನೋಡುತ್ತಿದ್ದ ಕಿಂಡಿ ಬೇರೆ, ಚಿತ್ರ ಹಿಡಿಯುವ ಮಸೂರ ಬೇರೆ. ದೂರದ ದೃಶ್ಯಕ್ಕೆ ಈ ಅಂತರ ಲೆಕ್ಕಕ್ಕಿಲ್ಲ. ಗೇಣುದ್ದ ಹತ್ತಿರಕ್ಕೆ ಹೋದರೆ ಕಿಂಡಿಯಲ್ಲಿ ಕಂಡ ಚಿಟ್ಟೆಯ ತಲೆ ಚಿತ್ರದಲ್ಲಿ ಹಾರಿಹೋಗಿರುತ್ತದೆ. ಮಸೂರದೊಳಗಿನಿಂದ ಬಂದ ಬೆಳಕನ್ನೇ ಕನ್ನಡಿಯಿಂದ ಕಣ್ಣಿಗೆ ತಿರುಗಿಸುವ ಎಸ್.ಎಲ್.ಆರ್. ಈ ತೊಂದರೆಯನ್ನು ಬುಡದಲ್ಲಿಯೇ ಕಿತ್ತಿತು. 1959ರ ನಿಕಾನ್ ಎಫ್ ಮತ್ತು ಅದರ ಅನಂತರದ ಕ್ಯಾಮೆರಾಗಳು ಜಗತ್ತಿನ ಪ್ರಕೃತಿ ಛಾಯಾಗ್ರಾಹಕರ ಮನಸ್ಸನ್ನು ಗೆದ್ದದ್ದು ಸುಮ್ಮನೆ ಅಲ್ಲ.

“ಮಾವ, ನನ್ನದರ ಪರದೆಯಲ್ಲೂ ಮಸೂರ ಕಂಡದ್ದೇ ಕಾಣುತ್ತದಲ್ಲ?” ಎಂದಳು ಹುಡುಗಿ. ಡಿಜಿಟಲ್ ಯುಗದಲ್ಲಿ ನನ್ನ ಮೊದಲ ವಾದ ಹೀಗೆ ಬಿದ್ದುಹೋಯಿತು.

ಎರಡನೆಯದು ಮರುದಿನ ಬೆಳಗ್ಗೆ ಬಿತ್ತು. ಕಾಲುವೆಯ ಬದಿಯ ತರಗೆಲೆಯ ಮೇಲೆ, ಬೆನ್ನು ಕೆಂಗಂದು, ಪಕ್ಕೆ ಕಪ್ಪಾದ ಕಪ್ಪೆಯೊಂದು ಗಂಭೀರವಾಗಿ ಕುಳಿತಿತ್ತು. ನಾನು ಸ್ಟ್ಯಾಂಡನ್ನು ಊರಿ, ಉಂಬಳಗಳು ಕಾಲೇರುತ್ತಿದ್ದರೂ ಸಹಿಸಿ, ಅಪರ್ಚರ್ 2.8ರಲ್ಲಿ ತೆಗೆದೆ. ಕಣ್ಣು ವಜ್ರದಂತೆ ಸ್ಪಷ್ಟ. ಮೂಗು ಮಂಜು, ಕಾಲು ಮಂಜು. ಹತ್ತು ಸೆಂಟಿಮೀಟರ್ ಅಗಲದ ದೃಶ್ಯಕ್ಕೆ ಆ ಅಪರ್ಚರಿನಲ್ಲಿ ಸ್ಪಷ್ಟತೆಯ ಆಳ ಎರಡು ಮೂರು ಮಿಲಿಮೀಟರ್ ಮಾತ್ರ. ಅದನ್ನು ಒಂದು ಸೆಂಟಿಮೀಟರಿನಷ್ಟಾಗಿಸಲು 11ಕ್ಕೆ ಕಿರಿದು ಮಾಡಬೇಕು. ಆಗ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗುಂಬೆಯ ಕಾಡಿನ ನೆಲದಲ್ಲಿ ಆ ಬೆಳಕು ದೇವರ ಕೋಣೆಯ ದೀಪಕ್ಕಿಂತ ಹೆಚ್ಚೇನೂ ಅಲ್ಲ. ನಾನು ಈ ಹೊಂದಾಣಿಕೆಯಲ್ಲಿರುವಾಗಲೇ ಹುಡುಗಿ ನೆಲಕ್ಕೆ ಕೈ ಚಾಚಿ, ಕ್ಷಣದಲ್ಲಿ ಚಿತ್ರ ಹಿಡಿದಳು. ಮೂಗಿನಿಂದ ಹಿಂಗಾಲಿನವರೆಗೆ ಇಡೀ ಕಪ್ಪೆ ಅದರಲ್ಲಿತ್ತು.

ಇದರಲ್ಲಿ ಮಾಯವೇನೂ ಇಲ್ಲ. ಅವಳ ಕ್ಯಾಮೆರಾದ ಸಂವೇದಕ ಸುಮಾರು 6 ಮಿಲಿಮೀಟರ್ ಅಗಲದ್ದು, ನನ್ನದು 23.5. ಒಂದೇ ದೃಶ್ಯವನ್ನು ಅಷ್ಟು ಚಿಕ್ಕ ಜಾಗಕ್ಕೆ ಇಳಿಸುವಾಗ ಸ್ಪಷ್ಟತೆಯ ಆಳ ತಾನಾಗಿಯೇ ಹೆಚ್ಚುತ್ತದೆ: ಅವಳ 2.8, ನನ್ನ 11ಕ್ಕೆ ಹತ್ತಿರ ಹತ್ತಿರ ಸಮ. ಆದರೆ ಪ್ರಕೃತಿ ಯಾರಿಗೂ ಸಾಲ ಮನ್ನಾ ಮಾಡುವುದಿಲ್ಲ. ನನ್ನ ಸಂವೇದಕದ ವಿಸ್ತಾರ ಅವಳದರ ಹದಿಮೂರು ಪಟ್ಟು. ಮಬ್ಬಿನಲ್ಲಿ ಅದು ಶಾಂತವಾಗಿ ಬೆಳಕನ್ನು ಕೂಡಿಹಾಕುವಾಗ ಚಿಕ್ಕದು ರವೆ ರವೆಯಾಗಿ ಕಾಳು ತೋರಿಸುತ್ತದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಅವಳ ಕಪ್ಪೆಯ ಚರ್ಮ ಉಪ್ಪಿಟ್ಟಿನಂತಿತ್ತು. ಹಾಗೆಂದು ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ.

ಅಂದು ಸಂಜೆ ನಡೆದದ್ದನ್ನು ಅವಳ ತಾಯಿಗೆ ನಾವಿಬ್ಬರೂ ಇನ್ನೂ ಹೇಳಿಲ್ಲ. ತೊರೆಯ ಪಕ್ಕದ ಮೊಣಕಾಲೆತ್ತರದ ಪೊದೆಯಲ್ಲಿ, ಟಾರ್ಚಿನ ಬೆಳಕಿಗೆ, ಮಲಬಾರ್ ಗುಳಿಮಂಡಲವೊಂದು ಸುರುಳಿ ಸುತ್ತಿ ಕುಳಿತಿರುವುದು ಕಂಡಿತು. ಒಣಗಿದ ಎಲೆಗಳೆಂದು ಭ್ರಮೆ ಹುಟ್ಟಿಸುವ ಕಂದು ಹಳದಿ. ಗಂಟೆಗಟ್ಟಲೆ ಕದಲದೆ ಕುಳಿತಿರುವುದೇ ಇದರ ಬೇಟೆಯ ಕ್ರಮ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿಯಿಂದ ಅದು ಬಿಸಿರಕ್ತದ ಪ್ರಾಣಿಗಳ ಶಾಖವನ್ನು ಅರಿಯುತ್ತದೆ. ಚಾಚಿದ ಕೈಯ ಶಾಖವನ್ನೂ. ನಾನು ಒಂದೂವರೆ ಮೀಟರ್ ಹಿಂದೆಯೇ ನಿಂತೆ. ಅಲ್ಲಿಂದಲೇ ಹಾವು ಚೌಕಟ್ಟನ್ನು ಸಾಕಷ್ಟು ತುಂಬಿತು. ಕಿಂಡಿಯೊಳಗೆ ಅದರ ಮುಖ ನೋಡುತ್ತಿದ್ದಂತೆ ಬಲಗಡೆಯಿಂದ ಒಂದು ಪುಟ್ಟ ಕೈ, ಕ್ಯಾಮೆರಾ ಸಮೇತ, ಚೌಕಟ್ಟಿನೊಳಗೆ ಬಂತು.

ಅವಳ ತೋಳನ್ನು ನಾನು ಎಳೆದ ರಭಸಕ್ಕೆ ಇಬ್ಬರೂ ಕೆಸರಿನಲ್ಲಿ ಕುಳಿತೆವು. ಹಾವು ಕದಲಲಿಲ್ಲ. “ಇದಕ್ಕೆ ಹತ್ತಿರ ಹೋದರೇನೇ ಚೆಂದ, ಮಾವ,” ಎಂದು ಅವಳು ಅಳುದನಿಯಲ್ಲಿ ಹೇಳಿದಾಗ ನನಗೆ ಕೋಪದೊಡನೆ ಒಂದು ಮಾತು ಹೊಳೆಯಿತು. ಆ ಚಿಕ್ಕ ಯಂತ್ರದ ಗುಣವೇ ಅದು: ಮಸೂರದಿಂದ 1 ಸೆಂಟಿಮೀಟರಿನವರೆಗೂ ಅದು ಸ್ಪಷ್ಟವಾಗಿ ಕಾಣಬಲ್ಲದು, ಆದ್ದರಿಂದ ಹಿಡಿದವರನ್ನು ಕೈಹಿಡಿದು ಹತ್ತಿರಕ್ಕೆ ಕರೆಯುತ್ತದೆ. ಹೂವಿಗಾದರೆ ಅದರ ನೆರಳು ಬಿದ್ದು ಚಿತ್ರ ಕೆಡುತ್ತದೆ, ಅಷ್ಟೆ. ಹಾವಿಗೆ ಆ ಲೆಕ್ಕವಲ್ಲ. ಆ ರಾತ್ರಿ ನನ್ನ ದೊಡ್ಡ ಕ್ಯಾಮೆರಾದ ಮೇಲಿನ ಗೌರವ ಇಮ್ಮಡಿಸಿತು. ಅದನ್ನು ಹೊರಗೆ ಹೇಳಿಕೊಂಡದ್ದೂ ಉಂಟು.

ಮೂರನೆಯ ದಿನ ನನ್ನ ಗರ್ವ ಮುರಿಯಿತು. ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುಗಪ್ಪೆಯ ನೊರೆಗೂಡು ತೂಗುತ್ತಿತ್ತು. ಹೆಣ್ಣುಕಪ್ಪೆ ತನ್ನ ಮೈಯ ದ್ರವವನ್ನು ಹಿಂಗಾಲಿನಿಂದ ಕಡೆದು ನೊರೆಯೆಬ್ಬಿಸಿ ಅದರೊಳಗೆ ಮೊಟ್ಟೆಯಿಡುತ್ತದೆ; ಕೆಲವು ದಿನಗಳಲ್ಲಿ ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಗಾಳಿಗೆ ಗೂಡು ಒಂದು ಕ್ಷಣ ನಿಲ್ಲದು. ಸ್ಟ್ಯಾಂಡನ್ನು ನೀರಿನಲ್ಲಿ ಊರುವಂತಿಲ್ಲ. ಕೊಂಬೆಯನ್ನು ಮೆಲ್ಲಗೆ ದಡದ ಕಡೆಗೆ ಬಾಗಿಸಿ, ಬಾಳೆನಾರಿನಿಂದ ಬೇಲಿಯ ಗೂಟಕ್ಕೆ ಕಟ್ಟಿದೆ. ಚಿತ್ರಗಳು ಸೊಗಸಾಗಿ ಬಂದವು. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ನೊರೆ, ಅದರೊಳಗೆ ಮಸುಕಾಗಿ ಮೊಟ್ಟೆಗಳು. ಅಷ್ಟರಲ್ಲಿ ಮಳೆ ಹುಚ್ಚೆದ್ದು ಬಂತು. ಎಲ್ಲವನ್ನೂ ಬಾಚಿಕೊಂಡು ಮನೆಗೆ ಓಡಿದೆವು.

ಊಟವಾದ ಮೇಲೆ ಚಿತ್ರಗಳ ಪ್ರದರ್ಶನ. ನನ್ನ ಗೂಡನ್ನು ಎಲ್ಲರೂ ಮೆಚ್ಚಿದರು. ಅನಂತರ ಹುಡುಗಿ ತನ್ನದನ್ನು ತೋರಿಸಿದಳು. ಅವಳ ಅಗಲ ನೋಟದ ಮಸೂರ ಹತ್ತಿರದ ಗೂಡಿನ ಜೊತೆಗೆ ಸುತ್ತಲಿನದನ್ನೆಲ್ಲ ಹಿಡಿದಿತ್ತು: ಎಲೆ, ನಾರಿನ ಗಂಟು, ಬೇಲಿ, ಕೆಳಗೆ ಕೆಂಪು ಮಣ್ಣು, ಒಂದು ಒಣ ಅಡಕೆ ಹಾಳೆ. ಮನೆಯ ಅಜ್ಜಿ ಕನ್ನಡಕವನ್ನು ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇದೆಂತ, ಗೂಡಿನ ಕೆಳಗೆ ನೆಲ? ಅದು ಕೆರೆಯ ಮೇಲಿತ್ತಲ್ಲ?”

ನಾರು ಬಿಚ್ಚುವುದನ್ನೇ ನಾನು ಮರೆತಿದ್ದೆ. ನನ್ನ ಚಿತ್ರಗಳಲ್ಲಿ ಅದರ ಸುಳಿವೇ ಇಲ್ಲ. ಬೇಡವಾದದ್ದನ್ನೆಲ್ಲ ಕತ್ತಲೆಗೆ ತಳ್ಳುವುದಕ್ಕಾಗಿಯೇ ನಾನು ಆ ಮಸೂರವನ್ನು ಕೊಂಡವನು. ರಾತ್ರಿ ಒಂಬತ್ತರ ಮಳೆಯಲ್ಲಿ ಯಜಮಾನರು ಟಾರ್ಚು ಹಿಡಿದರು, ನಾನು ಗಂಟು ಬಿಚ್ಚಿದೆ. ಕೊಂಬೆ ಪೂರ್ತಿ ಹಿಂದಕ್ಕೆ ಹೋಗಲಿಲ್ಲ. ನೆನೆದು ಭಾರವಾಗಿ ಅರ್ಧ ನೀರಿನ ಮೇಲೆ, ಅರ್ಧ ದಡದ ಮೇಲೆ ನಿಂತಿತು. ಅವರು ಒಂದು ಕವೆಗೋಲು ತಂದು ಊರುಗೊಟ್ಟು ಆಚೆ ತಳ್ಳಿದರು. ಮರುದಿನ ನಾವು ಹೊರಡಲೇಬೇಕಾಗಿತ್ತು.

ಬೆಂಗಳೂರಿಗೆ ಬಂದ ಮೇಲೆ ಅಂಗಡಿಗಳತ್ತ ಕಣ್ಣು ಹಾಯಿಸಿದೆ. ನಮ್ಮ ವಾದವೇ ಹಳತಾಗುತ್ತಿದೆ: ಕನ್ನಡಿಯಿಲ್ಲದ ಕ್ಯಾಮೆರಾಗಳು ಎಸ್.ಎಲ್.ಆರ್. ಜಾಗವನ್ನು ಹಿಡಿದಿವೆ, ಕಾಂಪ್ಯಾಕ್ಟಿನ ಜಾಗವನ್ನು ಮೊಬೈಲು ನುಂಗಿದೆ. ಆದರೂ ದೂರ ನಿಲ್ಲುವ ಮಸೂರ, ಹತ್ತಿರ ಹೋಗುವ ಮಸೂರ ಎಂಬ ಎರಡು ಜಾತಿಗಳು ಹೋಗಿಲ್ಲ.

ಆರನೆಯ ದಿನ ಆಗುಂಬೆಯಿಂದ ಫೋನು ಬಂತು. “ನೊರೆ ಇಳಿಯಿತು ಮಾರಾಯರೆ. ಮರಿಗಳು ನೀರಿಗೇ ಬಿದ್ದವು. ನಾಲ್ಕೈದು ದಡಕ್ಕೆ ಬಿದ್ದಿದ್ದವು, ಅಮ್ಮ ಎಲೆಯಲ್ಲಿ ಎತ್ತಿ ಬಿಟ್ಟರು.”

“ಚಿತ್ರ ತೆಗೆದಿರಾ?” ಎಂದು ಕೇಳಿದೆ.

“ಎಲ್ಲಿಯ ಚಿತ್ರ! ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು,” ಎಂದರು.