ಸಾಸಿವೆ ಕಾಣಬೇಕು

ಗೋಡೆ ಒಡೆದ ದಿನ ಅಮ್ಮ ಏನೂ ಅನ್ನಲಿಲ್ಲ. ಮೇಸ್ತ್ರಿಗೆ ಕಾಫಿ ಮಾಡಿಕೊಟ್ಟು ರೂಮಿಗೆ ಹೋದಳು. ಹಿಂದಿನ ಯುಟಿಲಿಟಿಯನ್ನು ಅಡುಗೆಮನೆಗೆ ಸೇರಿಸಿ, ಹಾಲ್ ಕಡೆಯ ಗೋಡೆ ತೆಗೆದು, ಎಲ್ಲಾ ಒಂದೇ ಜಾಗ ಮಾಡೋಣ ಅನ್ನೋದು ನನ್ನ ಮತ್ತು ಹೆಂಡತಿಯ ಐಡಿಯಾ. ಜಯನಗರದ ಈ ಮನೆ ಅಪ್ಪ ಕಟ್ಟಿಸಿದ್ದು. ಹಾಲಿನ ರೆಡ್ ಆಕ್ಸೈಡ್ ನೆಲ ಮುಟ್ಟೋದಿಲ್ಲ, ಅಡುಗೆಮನೆಗೆ ಮರದ ನೆಲ, ಸಿಂಕ್ ಹತ್ತಿರ ಮಾತ್ರ ಟೈಲ್ಸ್ ಅಂತ ತೀರ್ಮಾನ ಆಗಿತ್ತು. ಉಳಿದಿದ್ದು ಬಣ್ಣ ಒಂದೇ.

ಆ ‘ಒಂದೇ’ಗೆ ಮೂರು ವಾರ ಹೋಯಿತು. ಶೋರೂಮಿನ ಹುಡುಗ ಅಂಗೈ ಅಗಲದ ಸ್ಯಾಂಪಲ್ ತೋರಿಸಿ ‘ಸರ್, ಈಗ ಗ್ರೇ ಟ್ರೆಂಡ್’ ಅಂದ. ಅಂಗೈ ಅಗಲದ್ದರಲ್ಲಿ ಏನೂ ಗೊತ್ತಾಗೋದಿಲ್ಲ. ಕಾಡಿ ಬೇಡಿ ಪೂರ್ತಿ ಹಲಗೆಗಳನ್ನೇ ಮನೆಗೆ ತಂದು ಹಾಲಿನ ಕೆಂಪು ನೆಲದ ಪಕ್ಕ ಜೋಡಿಸಿದೆವು. ಗ್ರೇ ಹಗಲಲ್ಲಿ ಚೆನ್ನಾಗಿತ್ತು. ಸಂಜೆ ಬಿಳಿ ಲೈಟ್ ಹಾಕಿದ ಕೂಡಲೇ ಒದ್ದೆ ಸಿಮೆಂಟ್ ಆಯಿತು. ಕೆಂಪು ಛಾಯೆಯ ತೇಗದ್ದು ಇನ್ನೂ ಕಷ್ಟ. ಸೀರೆಗೆ ಬ್ಲೌಸ್ ಪೀಸ್ ಹುಡುಕಿದವರಿಗೆ ಇದು ಗೊತ್ತು: ಪೂರ್ತಿ ಬೇರೆ ಬಣ್ಣ ಆದ್ರೂ ಪರವಾಗಿಲ್ಲ, ಹತ್ತತ್ರ ಬಂದು ತಪ್ಪಿಬಿಟ್ಟರೆ ಕಣ್ಣಿಗೆ ಚುಚ್ಚುತ್ತೆ. ಹೆಂಡತಿಗೆ ಕಡು ಕಂದು ವಾಲ್ನಟ್ ಇಷ್ಟ. ಫೋಟೋದಲ್ಲಿ ಅದೇ ಚೆಂದ, ಒಪ್ಪುತ್ತೀನಿ. ಆದರೆ ರಸ್ತೆ ಧೂಳಿನ ಈ ಊರಲ್ಲಿ ಕಡು ಬಣ್ಣದ ನೆಲ ಹಾಕಿಸಿದವರು ದಿನಕ್ಕೆರಡು ಸಲ ಗುಡಿಸಬೇಕು.

ನಮ್ಮ ವಾದ ಕೇಳಿ ಕೇಳಿ ಸಾಕಾಗಿ ಅಮ್ಮ ಒಗ್ಗರಣೆ ಡಬ್ಬಿ ತಂದಳು. ಒಂದೊಂದು ಹಲಗೆ ಮೇಲೂ ನಾಲ್ಕು ಕಾಳು ಸಾಸಿವೆ, ಒಂದು ಚಮಚ ನೀರು. ಬಗ್ಗಿ ನೋಡಿದಳು. ಸಾಸಿವೆ ಕಂಡಿದ್ದು ತಿಳಿ ಬಣ್ಣದ ಓಕ್ ಮೇಲೆ ಮಾತ್ರ. ವಾಲ್ನಟ್ ಮೇಲಿನ ನೀರು ನಮಗೆ ಕಾಣುತ್ತಿತ್ತು. ಅಮ್ಮ ಅದರೊಳಗೇ ಕೈ ಇಟ್ಟು ‘ಒಣಗಿದೆಯಲ್ಲಾ’ ಅನ್ನಲು ಹೋಗಿ, ಅರ್ಧಕ್ಕೆ ನಿಲ್ಲಿಸಿದಳು.

‘ಅಮ್ಮ, ಎಷ್ಟು ದಿನದಿಂದ?’

‘ಸಂಜೆ ಹೊತ್ತು ಸ್ವಲ್ಪ ಮಬ್ಬು ಅಷ್ಟೇ ಕಣೋ. ಆ ಗೋಡೆ ಹಿಡ್ಕೊಂಡು ಓಡಾಡ್ತಿದ್ದೆ.’

ನಾವು ಒಡೆಸಿದ ಗೋಡೆ.

ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗ್ಲಾಕೋಮಾ. ಎದುರಿನದು ಚೆನ್ನಾಗಿಯೇ ಕಾಣುತ್ತಿದ್ದರೂ ಅಕ್ಕಪಕ್ಕದ ನೋಟ ಸದ್ದಿಲ್ಲದೆ ಕಿರಿದಾಗಿತ್ತು. ಹೋದ ನೋಟ ವಾಪಸ್ ಬರೋದಿಲ್ಲ, ಇರೋದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕು ಅಂದರು.

ಬಣ್ಣದ ಚರ್ಚೆ ಅಲ್ಲಿಗೆ ಮುಗಿಯಿತು. ತಿಳಿ ಓಕ್, ಎಂಜಿನಿಯರ್ಡ್ ಹಲಗೆ, ಅದೂ ಮ್ಯಾಟ್ ಫಿನಿಶ್. ಹೊಳಪಿನದಾದರೆ ಕಿಟಕಿ ಬೆಳಕು ಬಿದ್ದಾಗ ನೀರು ಚೆಲ್ಲಿದ ಹಾಗೇ ಕಾಣುತ್ತೆ. ಹಲಗೆ, ಅದರ ಕೆಳಗಿನ ಫೋಮ್ ಎರಡರ ದಪ್ಪ ಲೆಕ್ಕ ಹಾಕಿ ಮೇಸ್ತ್ರಿ ಕಾಂಕ್ರೀಟನ್ನು ಅಷ್ಟು ತಗ್ಗಿಸಿದ, ಕೆಂಪು ನೆಲಕ್ಕೂ ಓಕ್‌ಗೂ ಮಧ್ಯೆ ಕಾಲಿಗೆ ಒಂದು ಗೆರೆಯೂ ಸಿಗಬಾರದು ಅಂತ. ಕಣ್ಣಿಗೆ ಮಾತ್ರ ಗೆರೆ ಎದ್ದು ಕಾಣುತ್ತೆ. ಗೋಡೆ ಇದ್ದ ಜಾಗದಲ್ಲಿ ಸೊಂಟದೆತ್ತರದ ಕಟ್ಟೆ ಬಂತು. ಓಪನ್ ಕಿಚನ್ ಪೂರ್ತಿ ಓಪನ್ ಆಗಲಿಲ್ಲ. ಹೆಂಡತಿಯೇ ಹೇಳಿ ಹಾಕಿಸಿದ್ದು.

ಈಗ ಆರು ತಿಂಗಳು. ಕಿಟಕಿ ಬಿಸಿಲು ಬೀಳುವ ಕಡೆ ಓಕ್ ಸ್ವಲ್ಪ ಜೇನಿನ ಬಣ್ಣಕ್ಕೆ ತಿರುಗಿದೆ. ಕಾಲೊರೆಸು ಎತ್ತಿದರೆ ಕೆಳಗೆ ಮೊದಲಿನ ಬಣ್ಣ. ಒಲೆ ಮುಂದೆ ಅರಿಶಿನದ ಕಲೆ ಒಂದು ಆಗಿದೆ. ಮೊನ್ನೆ ಹೆಂಡತಿ ಅದನ್ನು ಉಜ್ಜಲು ಕೂತಾಗ ಅಮ್ಮ ಕಟ್ಟೆ ಹಿಡಿದುಕೊಂಡು ಬಂದಳು.

‘ಬಿಡಮ್ಮಾ, ಅದಿದ್ರೆ ಒಲೆ ಎಲ್ಲಿದೆ ಅಂತ ಗೊತ್ತಾಗುತ್ತೆ.’